ಹಕ್ಕಿ ಇಳಿಯುವ ಹೊತ್ತು

ಮೈಸೂರು
6 ಜನವರಿ 2025

ಪ್ರೀತಿಯ ಕೋಮಲ,

ಲಕೋಟೆಯ ಮೇಲೆ ನಿನ್ನ ಹೆಸರಿನ ಬದಲು ಭೀಮಾಬಾಯಿ ಎಂದು ಬರೆಯುವಾಗ ನನಗೇ ನಗು ಬಂತು. ನಿಮ್ಮ ದ್ರಾಕ್ಷಿ ತೋಟಕ್ಕೆ ಕೂಲಿಗೆ ಬರುವ ಆ ಅಜ್ಜಿಗೆ ಮೈಸೂರಿನಿಂದ ಪತ್ರ ಬರೆಯುವವರು ಯಾರಪ್ಪಾ ಎಂದು ಶೇಡಬಾಳದ ಅಂಚೆಯವನು ತಲೆ ಕೆರೆದುಕೊಂಡಿರಬೇಕು. ದೀಪಾವಳಿಗೆ ಬೇಡಕಿಹಾಳಕ್ಕೆ ಹೋಗಿದ್ದಾಗ ಅಂಕಲಿಯ ಸಂತೆಯಲ್ಲಿ ನಿನ್ನ ತಂಗಿ ಸಿಕ್ಕಿದ್ದಳು. ನಿನ್ನ ನಂಬರ್ ಕೇಳಿದೆ. "ಅಕ್ಕನ ಫೋನ್ ಭಾವಾರ ಕಿಸೇದಾಗ ಇರ್ತೈತಿ. ಮಾತಾಡೂದಿದ್ರ ಪತ್ರಾ ಬರಿ, ಶೈಲಕ್ಕ" ಎಂದು ಈ ವಿಳಾಸ ಕೊಟ್ಟಳು. ಯಾಕೆ ಎಂದು ಕೇಳಿದರೆ ಬದನೆಕಾಯಿ ಆರಿಸತೊಡಗಿದಳು.

ನಿನ್ನ ಮದುವೆಯ ಅಕ್ಷತೆಯ ದಿನವೇ "ನಿನ್ನ ವಿಕ್ರಾಂತನ ಕಣ್ಣು ನನಗ್ಯಾಕೋ ಸರಿಬರಲಿಲ್ಲ" ಎಂದುಬಿಟ್ಟಿದ್ದೆ. ನೀನು ಮಾತು ಬಿಟ್ಟೆ. ನಾನೂ ಸೊಕ್ಕಿನವಳು, ತಿರುಗಿ ನೋಡಲಿಲ್ಲ. ಈಗ ನನಗೆ ನಿನ್ನ ಗಂಟಲು ಬೇಕಾಗಿದೆ, ಹಾಗಾಗಿ ಸೊಕ್ಕು ಬಿಟ್ಟಿದ್ದೇನೆ.

ನಗಬೇಡ, ಇಲ್ಲಿ ಪ್ರಯೋಗಾಲಯದಲ್ಲಿ ನನ್ನ ಕೆಲಸ ಕಿರುಚಾಟ ಕೇಳುವುದು. ಕಿರುಚು ಎಂದರೆ ಬರೀ ಜೋರಾದ ಧ್ವನಿ ಎಂದು ನಾನೂ ತಿಳಿದಿದ್ದೆ. ಹಾಗಲ್ಲ. ಮಾತಾಡುವಾಗ ನಮ್ಮ ಧ್ವನಿ ಸೆಕೆಂಡಿಗೆ ನಾಲ್ಕೈದು ಸಲ ಏರಿಳಿಯುತ್ತದೆ. ಜೀವಭಯದಿಂದ ಕಿರುಚಿದಾಗ ಅದು ಮೂವತ್ತರಿಂದ ನೂರೈವತ್ತು ಸಲ ಏರಿಳಿಯುತ್ತದೆ. ಬಾಚಣಿಗೆಯ ಹಲ್ಲಿನ ಮೇಲೆ ಉಗುರು ಎಳೆದ ಹಾಗೆ ಒರಟು. ಆ ಒರಟು ಕಿವಿಗೆ ಬಿದ್ದರೆ ಸಾಕು, ಅರ್ಥವಾಗುವ ಮೊದಲೇ ಮೆದುಳು ಹೆದರುತ್ತದೆ. ಆಂಬುಲೆನ್ಸಿನ ಸೈರನ್ನಿನಲ್ಲೂ ಇರುವುದು ಅದೇ ಒರಟು.

ಭಯದ ಕಿರುಚು ನಮ್ಮಲ್ಲಿ ಬೇಕಾದಷ್ಟಿದೆ. ಭಯವಿಲ್ಲದೆ, ಕೆಲಸಕ್ಕಾಗಿ ಗಂಟಲು ಹರಿಯುವ ಹಾಗೆ ಕೂಗುವವರ ಧ್ವನಿ ಬೇಕು. ಕಾಲೇಜಿನಲ್ಲಿ ಚಿಕ್ಕೋಡಿ ಬಸ್ಸನ್ನು ಬರೀ ಕೂಗಿನಿಂದ ನಿಲ್ಲಿಸಿದವಳು ನೀನು. ದ್ರಾಕ್ಷಿಗೆ ಹಕ್ಕಿ ಬರುವ ಕಾಲದಲ್ಲಿ ನೀನೇ ಅಟ್ಟಣಿಗೆ ಹತ್ತುತ್ತೀಯಂತೆ. ಧ್ವನಿ ಹಿಡಿಯುವ ಪುಟ್ಟ ಯಂತ್ರವೊಂದನ್ನು ಭೀಮಾಬಾಯಿಯ ಹೆಸರಿಗೇ ಪಾರ್ಸೆಲ್ ಮಾಡಿದ್ದೇನೆ. ಒದರು, ಅದರೊಳಗಿನ ಮೆಮೊರಿ ಕಾರ್ಡ್ ಕಳಿಸು.

ಸೊಕ್ಕಿನ,
ಶೈಲಾ

ಶೇಡಬಾಳ, ತೋಟದ ಮನೆ
23 ಜನವರಿ 2025

ಶೈಲಾ,

ನಿನ್ನ ಕನ್ನಡ ಪೂರಾ ಮೈಸೂರಿನದಾಗಿದೆ. ಓದುವಾಗ ರೇಡಿಯೋ ಕೇಳಿದ ಹಾಗಾಯಿತು. ಆದರೂ ಎರಡು ಸಲ ಓದಿದೆ.

ಒದರುವುದಕ್ಕೂ ವಿದ್ಯೆ ಇದೆ ಎಂದು ತಿಳಿದು ನನಗೆ ಹೆಮ್ಮೆಯಾಯಿತು. ಕಾಯಿ ಮೆತ್ತಗಾಗಿ ಸಿಹಿ ಹಿಡಿಯುತ್ತಿದ್ದಂತೆ ಸಾಳುಂಕಿ ಹಿಂಡು ಬರುತ್ತದೆ, ಅದೇ ನಿಮ್ಮ ಕಬ್ಬಕ್ಕಿ. ಹೊತ್ತು ಮೂಡುವಾಗ ಒಮ್ಮೆ, ಮುಳುಗುವ ಮೊದಲು ಒಮ್ಮೆ. ಒಂದು ಹಿಂಡು ಇಳಿದರೆ ನಾವು ರೊಟ್ಟಿ ತಿಂದು ಕೈ ತೊಳೆಯುವಷ್ಟರಲ್ಲಿ ಒಂದು ಸಾಲು ಖಾಲಿ. ಕೆಲವರು ಬಲೆ ಹಾಕುತ್ತಾರೆ. ನಮ್ಮವರು "ಬಲಿ ಯಾಕ, ನಿನ್ನ ಗಂಟಲ ಐತಲ್ಲ" ಎಂದರು. ಹೋದ ವರ್ಷ ಹಕ್ಕಿ ಬೆದರಿಸುವ ಸದ್ದಿನ ಡಬ್ಬಿಯೊಂದನ್ನು ತಂದಿದ್ದರು. ವಾರ ಕಳೆಯುವಷ್ಟರಲ್ಲಿ ಹಕ್ಕಿಗಳು ಅದರ ಮೇಲೆಯೇ ಕುಳಿತು ಹಿಕ್ಕೆ ಹಾಕಿದವು. ನನ್ನ ದನಿಗೆ ಮಾತ್ರ ಇನ್ನೂ ಹೆದರುತ್ತವೆ.

ಒದರುವುದಲ್ಲದೆ ಕವಣೆಯನ್ನೂ ಬೀಸುತ್ತೇನೆ. ಕಲ್ಲಿಗೆ ಬಿದ್ದ ಹಕ್ಕಿಗಳ ಕಾಲು ಕಟ್ಟಿ ವಿಕ್ರಾಂತ ತಂತಿಗೆ ತೂಗುಹಾಕುತ್ತಾರೆ. ಕೆಲವಕ್ಕೆ ಇನ್ನೂ ಜೀವ ಇರುತ್ತದೆ. "ಇದ್ರ ಛಲೋನ ಆತು, ಒದ್ದಾಡೂದ ನೋಡಿ ಉಳದವು ಬರೂದಿಲ್ಲ" ಎನ್ನುತ್ತಾರೆ. ಅವುಗಳ ರಕ್ತ ಕೆಳಗಿನ ಗೊನೆಯ ಮೇಲೆ ತೊಟ್ಟಿಕ್ಕುತ್ತದೆ, ನಾನು ತೊಳೆಯುತ್ತೇನೆ.

ಬಾಜೂ ತೋಟದ ಅಣ್ಣಾಸಾಬ ಕಾಕಾ ಈ ವರ್ಷ ಹಕ್ಕಿ ಕಾಯಲು ಆಳನ್ನೇ ಇಟ್ಟಿಲ್ಲ. "ನಿನ್ನ ದನಿಗೆ ನಮ್ಮ ತ್ವಾಟಾನೂ ಉಳೀತವ್ವಾ" ಎಂದು ಸಂಕ್ರಾಂತಿಗೆ ನನಗೊಂದು ಕುಪ್ಪಸದ ಖಣ ಕೊಟ್ಟರು. ಅವರ ಕರಿನಾಯಿ ಬೇಲಿಯ ಹತ್ತಿರ ಮಲಗಿರುತ್ತದೆ. ನಾನು ಹಕ್ಕಿಗೆ ಎಷ್ಟು ಒದರಿದರೂ ಕಿವಿ ಎತ್ತುವುದಿಲ್ಲ, ಅಂಥ ಸೋಮಾರಿ.

ಕಾರ್ಡ್ ಕಳಿಸಿದ್ದೇನೆ, ಯಂತ್ರ ಅಟ್ಟಣಿಗೆಯ ಹುಲ್ಲಿನಲ್ಲೇ ಇದೆ. ಒಂದು ಸಂಜೆ ಬಂದ್ ಮಾಡುವುದನ್ನು ಮರೆತಿದ್ದೆ. ಕೊನೆಯಲ್ಲಿ ಹೆಚ್ಚಿನದೇನಾದರೂ ಇದ್ದರೆ ಕೇಳದೆ ಅಳಿಸಿಬಿಡು.

ಕೋಮಲ

ಮೈಸೂರು
12 ಫೆಬ್ರವರಿ 2025

ಕೋಮಲ,

ಕೇಳದೆ ಅಳಿಸು ಎಂದು ನನಗೆ ಹೇಳಿದರೆ ಮೊದಲು ಕೇಳುತ್ತೇನೆ ಎಂದು ನಿನಗೆ ಗೊತ್ತಿರಬೇಕಿತ್ತು. ಗೊತ್ತಿದ್ದೇ ಹೇಳಿದೆಯೋ ಏನೋ.

ನಿನ್ನ ಹಕ್ಕಿ ಕೂಗು ಉದ್ದ, ನುಣುಪು, ತುದಿಯಲ್ಲಿ ಏರುತ್ತದೆ. ಕೆಲವರನ್ನು ಕೂರಿಸಿ, ಯಾರು ಯಾವೂರು ಎಂದು ಹೇಳದೆ, ಒಂದೊಂದಾಗಿ ಕೇಳಿಸಿದೆ. "ಇದರಲ್ಲಿ ಭಯವಿಲ್ಲ" ಎಂದರು. ಕೊನೆಯದು ಬಂತು. ನಮ್ಮ ಹುಡುಗಿಯೊಬ್ಬಳು ಕಿವಿಯ ಮೇಲಿನ ಹೆಡ್‌ಫೋನ್ ಕಿತ್ತು ಮೇಜಿನ ಮೇಲೆ ಎಸೆದು ಹೊರಗೆ ಹೋದಳು. ಈ ಪರೀಕ್ಷೆಯಲ್ಲಿ ಜನ ತಪ್ಪುವುದು ಮಾಮೂಲು, ಖುಷಿಯ ಕಿರುಚನ್ನೂ ಭಯ ಎಂದುಬಿಡುತ್ತಾರೆ. ನಿನ್ನ ಆ ಒಂದರಲ್ಲಿ ಯಾರೂ ತಪ್ಪಲಿಲ್ಲ. ಯಂತ್ರವೂ ತಪ್ಪಲಿಲ್ಲ, ಆ ಒರಟನ್ನು ಪರದೆಯ ಮೇಲೆ ನಾನೇ ನೋಡಿದೆ.

ಅದರ ಹಿಂದೆ ಏನೋ ಸುಂಯ್ ಎಂದು ಬೀಸಿದ ಸದ್ದಿದೆ, ಬಿದ್ದ ಸದ್ದಿದೆ. ಗಂಡಸೊಬ್ಬ ನಿಧಾನವಾಗಿ ಕೆಮ್ಮುತ್ತಾನೆ. ನಾಯಿಯೊಂದು ಬೊಗಳುತ್ತ ಹತ್ತಿರ ಹತ್ತಿರ ಬರುತ್ತದೆ. ನೀನು ಸೋಮಾರಿ ಎಂದೆಯಲ್ಲ, ಅದೇ ಇರಬೇಕು.

ಕೋಮಲ, ಅದು ಹಕ್ಕಿಗೆ ಒದರಿದ್ದಲ್ಲ. ನಿನ್ನನ್ನು ಹೊಡೆಯುತ್ತಿರುವವರು ಯಾರು?

ಶೈಲಾ

ಶೇಡಬಾಳ
4 ಮಾರ್ಚ್ 2025

ಶೈಲಾ,

ಗೊತ್ತಿದ್ದೂ ಕೇಳುವ ಚಾಳಿ ನಿನ್ನದು ಹಳೆಯದು. ನಿನ್ನ ಪತ್ರವನ್ನು ಒಲೆಗೆ ಹಾಕಿ, ಉತ್ತರ ಬರೆಯುವುದಿಲ್ಲ ಎಂದುಕೊಂಡೆ. ಈಗ ಬರೆಯುತ್ತಿದ್ದೇನೆ. ಎಡಗೈಯ ಬೆರಳು ಮುರಿದಿದೆ, ಪುಣ್ಯಕ್ಕೆ ಬರೆಯುವ ಕೈ ಅಲ್ಲ. ದ್ರಾಕ್ಷಿ ಕಡ್ಡಿ ಕತ್ತರಿಸುವ ಕತ್ತರಿಯ ಹಿಡಿಯಲ್ಲಿ ಬೆರಳಿಟ್ಟು ಅಮುಕಿದರು. ನಾನು ಕೇಳಿದ್ದು ಅಂಕಲಿಯ ತವರಿಗೆ ಒಂದು ಫೋನ್ ಮಾಡಲೇ ಎಂದು, ಅಷ್ಟೇ.

ಮೊದಲು ಮನೆಯೊಳಗೆ ಹೊಡೆಯುತ್ತಿದ್ದರು. ರಸ್ತೆಗೆ ಕೇಳುತ್ತಿತ್ತು, ಯಾರಾದರೂ ಬಂದು ಬಾಗಿಲು ಬಡಿಯುತ್ತಿದ್ದರು. ಈ ಹಂಗಾಮಿನಲ್ಲಿ ಅವರಿಗೆ ಹೊಸ ಬುದ್ಧಿ ಬಂದಿದೆ. ಹಕ್ಕಿ ಇಳಿಯುವ ಹೊತ್ತಿನಲ್ಲೇ ಹೊಡೆಯುತ್ತಾರೆ. ಅಟ್ಟಣಿಗೆಯಿಂದ ಕೆಳಗೆ ಕರೆಯುತ್ತಾರೆ, ಕೂದಲು ಹಿಡಿದು ಕಲ್ಲುಕಂಬಕ್ಕೆ ಮುಖ ಒತ್ತುತ್ತಾರೆ, ಡ್ರಿಪ್ ಪೈಪಿನಿಂದ ಬೆನ್ನು ಸುಲಿಯುತ್ತಾರೆ. ನಾನು ಚೀರುತ್ತೇನೆ. ಸುತ್ತಲಿನ ತೋಟಗಳಲ್ಲಿ ಎಲ್ಲರೂ ಕೆಲಸ ಮಾಡುತ್ತಲೇ ಇರುತ್ತಾರೆ. ಅತ್ತೆ ರಾಮವ್ವ ಮನೆಯ ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತ "ಒದರಲಿ ಬಿಡು, ಹಕ್ಕಿರೆ ಹಾರತಾವು" ಎನ್ನುತ್ತಾರೆ. ನಿಜ, ಹಾರುತ್ತವೆ. ನನ್ನ ಬಾಯಿಂದ ರಕ್ತ ಬಂದ ದಿನ ಒಂದು ಹಕ್ಕಿಯೂ ಇಳಿಯಲಿಲ್ಲ.

ಎಲ್ಲೋ ಮೈಸೂರಿನಲ್ಲಿ ಕುಳಿತ ನಿನ್ನ ಜನಕ್ಕೆ ಗೊತ್ತಾಯಿತು. ಬೇಲಿಯ ಆಚೆ ನಿಂತವರಿಗೆ ಗೊತ್ತಾಗುವುದಿಲ್ಲವೇ? ಮೊದಮೊದಲು ಅಣ್ಣಾಸಾಬ ಕಾಕಾನ ನಾಯಿ ಬೇಲಿ ನುಸುಳಿ ಓಡಿ ಬರುತ್ತಿತ್ತು, ನೀನು ಕೇಳಿದ್ದು ಅದನ್ನೇ. ವಿಕ್ರಾಂತ ಅದರತ್ತ ಕಲ್ಲು ಬೀಸುತ್ತಿದ್ದರು, ಅಷ್ಟು ಹೊತ್ತು ನನಗೆ ಉಸಿರು ಸಿಗುತ್ತಿತ್ತು. ಈಗ ಅದೂ ಬರುವುದಿಲ್ಲ. ಅದಕ್ಕೂ ರೂಢಿಯಾಯಿತೆಂದು ಕಾಣುತ್ತದೆ. ನಾಯಿಯ ಮೇಲೆ ನನಗೆ ಸಿಟ್ಟು ಬಂದಷ್ಟು ಯಾರ ಮೇಲೂ ಬಂದಿಲ್ಲ.

ಹೋದ ತಿಂಗಳು ಇಲ್ಲಿಗೆ ಬಂದಿದ್ದಾಗ ಅಪ್ಪನಿಗೆ ಹೇಳಿದ್ದೇನೆ. "ಹಂಗಾಮ ಮುಗೀಲಿ ಮಗಳ, ಆಮ್ಯಾಗ ಕುಂತ ಮಾತಾಡೂಣು" ಎಂದರು. ಠಾಣೆಗೆ ಹೋಗು ಎಂದು ನೀನು ಬರೆಯುತ್ತೀಯ. ಅವರು ಬಂದು ಮೊದಲು ಕೇಳುವುದು ಬಾಜೂ ತೋಟದವರನ್ನು. ಬಾಜೂ ತೋಟದವರು ಹಕ್ಕಿ ಎನ್ನುತ್ತಾರೆ. ಅವರು ಹೋದ ಮೇಲೆ ನಾನು ಇಲ್ಲೇ ಇರಬೇಕಲ್ಲ?

ಕೋಮಲ

ಮೈಸೂರು
11 ಮಾರ್ಚ್ 2025

ಕೋಮಲ,

ನಿನ್ನ ಪತ್ರ ಓದಿದೆ. ಅವನ ಬೆರಳುಗಳನ್ನು ಅದೇ ಕತ್ತರಿಯಲ್ಲಿ ಒಂದೊಂದಾಗಿ ಇಡಬೇಕು ಎನಿಸುತ್ತಿದೆ. ನಾನು ಓದಿದ್ದೆಲ್ಲ ಮಣ್ಣುಪಾಲಾಗಲಿ.

ನೀನು ಬೈಯುತ್ತೀಯ ಎಂದು ಗೊತ್ತಿದ್ದೂ ಒಂದು ಕೆಲಸ ಮಾಡಿದ್ದೇನೆ. ನಿನ್ನ ತಂಗಿಯಿಂದ ಅಣ್ಣಾಸಾಬರ ನಂಬರ್ ತೆಗೆದುಕೊಂಡು ಫೋನ್ ಮಾಡಿದೆ. ಪೊಲೀಸರು ಕೇಳುವುದು ಅವರನ್ನೇ ಆದರೆ ನಾನೇ ಮೊದಲು ಕೇಳಿ ಗಟ್ಟಿ ಮಾಡಿಕೊಳ್ಳೋಣ ಎಂದುಕೊಂಡೆ. ನಿನ್ನ ಗೆಳತಿ ಶೈಲಾ ಎಂದು ಹೇಳಿ, ಸಂಜೆ ಹೊತ್ತು ಕೋಮಲ ಚೀರುವುದು ಕೇಳುತ್ತದೆಯೇ ಎಂದೆ. ನಕ್ಕರು. "ಹಕ್ಕಿ ಓಡಸ್ತಾಳ್ರಿ ಅಕಿ. ಏನ್ ಗಂಟಲಾ ಅಕಿದು! ನಮ್ಮ ತ್ವಾಟಾ ಸೈತ ಕಾಯ್ತಾಳ್ರಿ." ಹಕ್ಕಿಗಲ್ಲದ್ದು, ಬೇರೆ ಥರದ್ದು ಕೇಳಿಲ್ಲವೇ ಎಂದೆ. "ಮಂದಿ ಸಂಸಾರದಾಗ ನಾವ್ಯಾಕ್ರಿ" ಎಂದು ಫೋನ್ ಇಟ್ಟರು.

ಆ ಮಾತಿನಲ್ಲೇ ನನಗೆ ಉತ್ತರ ಸಿಕ್ಕಿತು. ಆ ಒರಟು ಕಿವಿಗೆ ಅಷ್ಟು ಸುಲಭವಾಗಿ ರೂಢಿಯಾಗುವುದಿಲ್ಲ ಕೋಮಲ, ನಾಯಿಯ ಕಿವಿಗಂತೂ ಖಂಡಿತ ಆಗುವುದಿಲ್ಲ. ನೀನು ಅಲ್ಲಿಂದ ಹೊರಡು. ಯುಗಾದಿಗೆ ನಾನು ಬರುತ್ತೇನೆ, ಅಲ್ಲಿಯವರೆಗೆ ಕಾಯಬೇಡ. ಮೊದಲು ಹೊರಡು.

ಶೈಲಾ

ಶೇಡಬಾಳ
18 ಮಾರ್ಚ್ 2025

ಶೈಲಾ,

ಫೋನ್ ಮಾಡಬಾರದಿತ್ತು. ಔಷಧ ಹೊಡೆಯುವ ಪಂಪು ಕೇಳಲು ಬಂದಾಗ ಅಣ್ಣಾಸಾಬ ಕಾಕಾ ವಿಕ್ರಾಂತನಿಗೆ ನಗುನಗುತ್ತ ಹೇಳಿದ್ದಾರೆ, "ಮೈಸೂರಿಂದ ಶೈಲಾ ಅಂತ ಯಾವಕಿನೋ ನಿನ್ನ ಹೇಣ್ತಿ ದನಿ ವಿಚಾರಸಾಕತ್ತಿದ್ಲು ನೋಡಪಾ" ಎಂದು. ದನಿ ಮೈಸೂರಿಗೆ ಹೇಗೆ ಮುಟ್ಟಿತು ಎಂದು ಅಂದೇ ಅಟ್ಟಣಿಗೆಯ ಹುಲ್ಲನ್ನೆಲ್ಲ ಕಿತ್ತು ಯಂತ್ರ ಹುಡುಕಿ ತೆಗೆದರು. ಟ್ರ್ಯಾಕ್ಟರಿನ ಗಾಲಿಯ ಕೆಳಗಿಟ್ಟು ಹಿಂದೆ ಮುಂದೆ ಓಡಿಸಿದರು. ನನಗೆ ಒಂದು ಏಟೂ ಹೊಡೆಯಲಿಲ್ಲ. ಆವತ್ತಿನಿಂದ ನನ್ನ ಹತ್ತಿರ ಮೆತ್ತಗೆ ಮಾತಾಡುತ್ತಿದ್ದಾರೆ, ನಿನ್ನೆ ಚಹಾ ಮಾಡಿ ಕೊಟ್ಟರು. ನನಗೆ ಇಷ್ಟು ಹೆದರಿಕೆ ಯಾವತ್ತೂ ಆಗಿರಲಿಲ್ಲ.

ಸೋಮವಾರ ಕೊಯ್ಲು ಶುರು. ಭೀಮಾಬಾಯಿ ತನ್ನ ಹೆಂಗಸರ ಗುಂಪು ಕರೆದುಕೊಂಡು ಬರುತ್ತಾಳೆ. ಸಂಜೆ ಅವರ ನಡುವೆ ತಲೆಯ ಮೇಲೆ ಬುಟ್ಟಿ ಇಟ್ಟುಕೊಂಡು ರಸ್ತೆಗೆ ಹೋಗಿ ಅಂಕಲಿ ಬಸ್ಸು ಹತ್ತುತ್ತೇನೆ. ಅಪ್ಪ ಒಳಗೆ ಕರೆಯದಿದ್ದರೆ ಕಟ್ಟೆಯ ಮೇಲೆ ಕೂರುತ್ತೇನೆ. ಅಲ್ಲಿಯವರೆಗೆ ಪತ್ರ ಹಾಕಬೇಡ.

ಕೋಮಲ

ಮೈಸೂರು
3 ಏಪ್ರಿಲ್ 2025

ಕೋಮಲ,

ಮಿರಜದ ಆಸ್ಪತ್ರೆಯಲ್ಲಿ ಯುಗಾದಿಯ ದಿನವೆಲ್ಲ ನಿನ್ನ ಪಕ್ಕದಲ್ಲಿ ಕುಳಿತು ನಾನೇ ಮಾತಾಡಿದೆ. ನಿನ್ನ ಕತ್ತಿನ ಸುತ್ತ ಆ ಕಪ್ಪು ಪಟ್ಟಿ ನೋಡುತ್ತ ಏನೇನೋ ಹರಟಿದೆ. ನೀನು ಕಣ್ಣು ಮಿಟುಕಿಸಿದೆ, ಅಷ್ಟೇ. ನನ್ನ ಒಂದು ಫೋನ್ ನಿನ್ನ ಗಂಟಲು ತೆಗೆದುಕೊಂಡಿತು. ಕ್ಷಮಿಸು ಎಂದು ನೂರು ಸಲ ಅಂದೆ, ಇನ್ನೊಂದು ಸಲ ಅನ್ನುತ್ತೇನೆ.

ಮಹಿಳಾ ಎಸ್‌ಐ ನನಗೆ ಫೋನ್ ಮಾಡಿದ್ದರು. ಒಳ್ಳೆಯವರು, ಒರಟು ಮಾತು. ಕಾರ್ಡಿನ ಧ್ವನಿಯ ಪ್ರತಿ ಕಳಿಸಿದ್ದೇನೆ. ಆದರೆ ವಿಕ್ರಾಂತನ ವಕೀಲ ಈಗಲೇ ಹೇಳುತ್ತಿದ್ದಾನಂತೆ, ಅದು ಹಕ್ಕಿ ಓಡಿಸುವ ದನಿ, ಇಡೀ ಸೀಮೆಗೆ ಗೊತ್ತು, ಸಿಟ್ಟಿನಲ್ಲಿ ಕೈ ಮೀರಿದ್ದು ಇದೊಂದೇ ಸಲ ಎಂದು. "ನಿಮ್ಮ ಪರದೆ ಕೋರ್ಟಿನ್ಯಾಗ ಎಷ್ಟ ನಡೀತೈತೋ ಗೊತ್ತಿಲ್ಲ ಮೇಡಂ, ದಿನಾ ಕೇಳಿದಾಂವ ಒಬ್ಬ ಬೇಕು" ಎಂದರು. ನಿನ್ನ ಅಪ್ಪನೂ "ಒಂದ ಸಲದ್ದಕ್ಕ ಸಂಸಾರ ಮುರೀಬಾರದು" ಎನ್ನತೊಡಗಿದ್ದಾರಂತೆ. ಹಾಗಾದರೆ ಅವನು ಹೊರಗೆ ಬರುತ್ತಾನೆ, ನಿನ್ನನ್ನು ಅದೇ ತೋಟಕ್ಕೆ ಕಳಿಸುತ್ತಾರೆ. ನನಗೆ ನಿದ್ದೆ ಬರುತ್ತಿಲ್ಲ.

ಬಾಯಲ್ಲಿ ಆಗದಿದ್ದರೆ ಕೈಯಲ್ಲಿ ಹೇಳು. ಅಂದು ಏನಾಯಿತು?

ಶೈಲಾ

ಮಿರಜ, ಆಸ್ಪತ್ರೆ
14 ಏಪ್ರಿಲ್ 2025

ಪ್ರೀತಿಯ ಶೈಲಾ,

ಕ್ಷಮಿಸು ಎನ್ನುವುದನ್ನು ಮೊದಲು ನಿಲ್ಲಿಸು. ನನ್ನ ಗಂಟಲು ಹಿಸುಕಿದ ಕೈ ಯಾರದೆಂದು ನನಗೆ ಗೊತ್ತಿದೆ. ಧ್ವನಿ ಬರುತ್ತದೆ ಎನ್ನುತ್ತಾರೆ ಡಾಕ್ಟರ್, ಹಳೆಯದೇ ಬರುತ್ತದೆ ಎನ್ನುವುದಿಲ್ಲ.

ಕೊಯ್ಲಿನ ಹಿಂದಿನ ಸಂಜೆ ಅದು. ನಾನು ಅಟ್ಟಣಿಗೆಯ ಮೇಲಿದ್ದೆ. ಹಿಂಡು ಇನ್ನೂ ಬಂದಿರಲಿಲ್ಲ. ಅವನು ಕೆಳಗೆ ನಿಂತು "ಬಾ ಇಲ್ಲೆ" ಎಂದ. ಇಳಿದೆ. ಕವಣೆ ಕೇಳಿ ತೆಗೆದುಕೊಂಡ. "ಶೈಲಾ ಯಾರ?" ಎಂದ. ಗೆಳತಿ ಎಂದೆ. ಕವಣೆಯ ಹಗ್ಗ ಕತ್ತಿಗೆ ಸುತ್ತಿ ಮಂಡಿಯಿಂದ ಎದೆ ಒತ್ತಿ ನೆಲಕ್ಕೆ ಕೆಡವಿದ. "ಈಗ ಒದರ ನೋಡೂಣು, ಮೈಸೂರತನಕ ಕೇಳಲಿ" ಎಂದ. ಬಾಯಿ ತೆರೆದೆ. ಶೈಲಾ, ಏನೂ ಇರಲಿಲ್ಲ. ಇಷ್ಟು ದಿನ ಯಾರೂ ಬಾರದಿದ್ದರೂ ದನಿಯಾದರೂ ಇತ್ತು.

ಆಗ ಹಿಂಡು ಬಂತು. ಒಂದು ಸುತ್ತು ಹಾಕಿತು. ಯಾರೂ ಒದರಲಿಲ್ಲ. ಇನ್ನೊಂದು ಸುತ್ತು ಹಾಕಿ ಇಳಿದುಬಿಟ್ಟಿತು. ನಮ್ಮ ಸಾಲುಗಳ ಮೇಲೆ, ಅಣ್ಣಾಸಾಬನ ಸಾಲುಗಳ ಮೇಲೆ, ಸತ್ತ ಹಕ್ಕಿಗಳು ತೂಗುತ್ತಿದ್ದ ತಂತಿಯ ಮೇಲೂ ಕುಳಿತವು. ನನ್ನ ಮುಖದ ಮೇಲಿನ ಗೊನೆಯನ್ನೇ ಕುಕ್ಕುತ್ತಿದ್ದವು, ರಸ ಕಣ್ಣಿಗೆ ಬೀಳುತ್ತಿತ್ತು. ಅವನಿಗೆ ಹಕ್ಕಿಯ ಪರಿವೆಯೇ ಇರಲಿಲ್ಲ, ಹಗ್ಗ ಬಿಗಿಯುತ್ತಲೇ ಇದ್ದ.

ಬೇಲಿಯ ಕಡೆಯಿಂದ ಡಬ್ಬಿ ಬಡಿಯುತ್ತ ಅಣ್ಣಾಸಾಬ ಬರುವುದು ಕೇಳಿತು. "ಏ ಕೋಮಲಾ! ಮಲಗೀ ಏನ ಬೇ? ನನ್ನ ತ್ವಾಟಾ ತಿಂದ ಹಾಕಿದ್ವು!" ಅವನ ಮುಂದೆ ಆ ಕರಿನಾಯಿ. ಅದು ನನ್ನನ್ನು ನೋಡಿದ್ದೇ ತಡ, ಹಾರಿ ವಿಕ್ರಾಂತನ ಮುಂಗೈ ಕಚ್ಚಿ ಹಿಡಿಯಿತು. ಮೂಳೆ ಮುರಿದದ್ದು ನನಗೆ ಕೇಳಿತು. ಅವನು ಚೀರಿದ. ನೀನು ಹೇಳುವ ಒರಟು ಇತ್ತು ಅದರಲ್ಲಿ, ನನಗೆ ಸಂತೋಷವಾಯಿತು. ಅದನ್ನು ಬರೆಯಲು ನಾಚಿಕೆ ಇಲ್ಲ.

ಈಗ ಮೊನ್ನೆಯದು ಕೇಳು. ಎಸ್‌ಐ ಬಂದು ನನ್ನಿಂದ ಹೇಳಿಕೆ ಬರೆಸಿಕೊಳ್ಳುತ್ತಿದ್ದರು. ಅಪ್ಪ ಬಾಗಿಲಲ್ಲಿ ನಿಂತಿದ್ದರು. ಅದೇ ಹೊತ್ತಿಗೆ ಅಣ್ಣಾಸಾಬ ನನ್ನನ್ನು ನೋಡಲು ಬಂದ, ಕೈಯಲ್ಲಿ ಒಂದು ಚೀಲ ದ್ರಾಕ್ಷಿ. ಎಸ್‌ಐ ಅವನನ್ನು ಅಲ್ಲೇ ಕುರ್ಚಿಯ ಮೇಲೆ ಕೂರಿಸಿದರು.

"ಹಿಂದ ಯಾವಾಗರೆ ಇಕಿ ಚೀರಿದ್ದ ಕೇಳೀರೇನು?"

"ಹಕ್ಕಿಗೆ ಒದರತಿದ್ಲರಿ. ಬ್ಯಾರೆ ನಮಗೇನ ಗೊತ್ತರಿ."

"ಅವತ್ತ ಹೆಂಗ ಬಂದ್ರಿ ಮತ್ತ?"

"ಸಪ್ಪಳನ ಇರಲಿಲ್ಲರಿ. ಹಕ್ಕಿ ಇಳದ್ವು. ಬೈಯಾಕ ಅಂತ ಬಂದೆ. ನಾಯಿ ಬಿಟ್ಟ ಇತ್ತು, ಅದು ಮುಂದ ಓಡ್ತು. ಅದು ಬಿಟ್ಟಿದ್ದಕ್ಕ ಇಕಿ ಉಳದ್ಲು ನೋಡ್ರಿ" ಎಂದ, ಅದರಲ್ಲಿ ತನ್ನದೂ ಒಂದು ಪುಣ್ಯವಿದೆ ಎಂಬಂತೆ.

ಎಸ್‌ಐ ಪೆನ್ನು ನಿಲ್ಲಿಸಿದರು. "ಬಿಟ್ಟಿತ್ತು ಅಂದ್ರ? ದಿನಾ ಕಟ್ಟತಿದ್ರೇನು?"

"ಇಕಿ ಶುರು ಮಾಡಿದ ಕೂಡ್ಲೆ ಕಟ್ಟತಿದ್ನರಿ. ಇಲ್ಲಂದ್ರ ಬೇಲಿ ನುಸದ ಓಡಿ ಹೋಗತಿತ್ತು. ವಿಕ್ರಾಂತ ಕಲ್ಲ ಒಗೀತಿದ್ದ, ಸುಮ್ನ ಜಗಳ ಯಾಕಂತ..."

"ಹಕ್ಕಿಗೆ ಒದರಿದಾಗ ಓಡತಿತ್ತೇನು?"

"ಹಕ್ಕಿಗೆ ಒದರಿದ್ರ ಅದು ಏಳತಿರಲಿಲ್ಲರಿ."

ಹೇಳಿದ ಮೇಲೆ ತಾನು ಹೇಳಿದ್ದು ಏನೆಂದು ಅವನಿಗೆ ತಿಳಿಯಿತು. ದ್ರಾಕ್ಷಿ ಚೀಲವನ್ನು ಎತ್ತಿ ಮಡಿಲಲ್ಲಿಟ್ಟುಕೊಂಡ. ಎಸ್‌ಐ ಅದಷ್ಟನ್ನೂ ಬರೆದು, ಓದಿ ಹೇಳಿ, ಸಹಿ ಹಾಕಿಸಿದರು. ಅವನು ಸಹಿ ಹಾಕಿದ.

ನಾನು ಎರಡು ತಿಂಗಳು ಆ ನಾಯಿಯನ್ನು ಬೈದಿದ್ದೆ ಶೈಲಾ. ಪ್ರತಿ ಸಲವೂ ಅದು ಎದ್ದಿದೆ. ಪ್ರತಿ ಸಲವೂ ಅಣ್ಣಾಸಾಬ ನನ್ನ ಚೀರು ಯಾವುದೆಂದು ತಿಳಿದು, ಎದ್ದು ಹೋಗಿ, ಅದನ್ನು ಕಟ್ಟಿ ಬಂದು, ಮತ್ತೆ ಕೆಲಸಕ್ಕೆ ಕುಳಿತಿದ್ದಾನೆ. ನನಗೆ ಆಗ ಆ ಕೋಣೆಯಲ್ಲಿ ಚೀರಬೇಕೆನಿಸಿತು. ಮಂಚದ ಮೇಲೆ ಎದ್ದು ಕುಳಿತು, ಬಾಯಿ ಅಗಲಿಸಿ, ಕತ್ತಿನ ನರ ಹರಿಯುವ ಹಾಗೆ ಚೀರಿದೆ. ಗಾಳಿ ಬಿಟ್ಟರೆ ಏನೂ ಬರಲಿಲ್ಲ.

ಬಾಗಿಲಲ್ಲಿ ನಿಂತಿದ್ದ ಅಪ್ಪ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡರು.

ನಿನ್ನ,
ಕೋಮಲ